ಯಾತ್ರಿಕನ ಸಬ್ರ್, ದಲ್ಲಾಳಿಯ ಲಾಭ

ಕನ್ನಡದಲ್ಲಿ ಒಬ್ಬನನ್ನು ಹೀಗಳೆಯಬೇಕೆಂದರೆ ‘ದಲ್ಲಾಳಿ’ ಎಂದರೆ ಸಾಕು. ಮಂಡಿಯಲ್ಲಿ ಮೋಸ ಹೋದ ರೈತನ ಗೋಳು ಹೇಳುವಾಗ, ಸರಕಾರಿ ಕಚೇರಿಯ ಲಂಚದ ಕಥೆ ಹೇಳುವಾಗ ಆ ಶಬ್ದ ತಾನಾಗಿ ಬಾಯಿಗೆ ಬರುತ್ತದೆ. ಅದು ಅರಬಿ ಮೂಲದ ಶಬ್ದ. ಅದರ ಧಾತುವಿಗೆ ದಾರಿ ತೋರಿಸು ಎಂದು ಅರ್ಥ. ಉರ್ದುವಿನಲ್ಲಿ ನಾವು ಬಳಸುವ ‘ದಲೀಲ್’ ಅದೇ ಬೇರಿನಿಂದ ಹುಟ್ಟಿದ್ದು. ವಾದಕ್ಕೆ ಕೊಡುವ ಪುರಾವೆ ದಲೀಲ್. ಮರುಭೂಮಿಯಲ್ಲಿ ಕಾಫಿಲಾದ ಮುಂದೆ ನಡೆಯುವ ಮಾರ್ಗದರ್ಶಿಯೂ ದಲೀಲ್. ಉರ್ದು ಶಾಲೆಯಲ್ಲಿ ದಲೀಲ್ ಕಲಿತು, ಕನ್ನಡ ಶಾಲೆಯಲ್ಲಿ ದಲ್ಲಾಳಿ ಕಲಿತ ನಮಗೆ ಇವೆರಡೂ ಒಂದೇ ಮನೆಯ ಮಕ್ಕಳೆಂದು ತಿಳಿದದ್ದು ಬಹಳ ತಡವಾಗಿ. ದಾರಿ ತೋರಿಸುವ ಕೆಲಸಕ್ಕೆ ಇಟ್ಟ ಹೆಸರು ಬೈಗುಳವಾದದ್ದು ಹೇಗೆ? ಹಜ್ ಮತ್ತು ಉಮ್ರಾ ಯಾತ್ರೆ ಏರ್ಪಡಿಸುವ ಟ್ರಾವೆಲ್ ಏಜೆಂಟರ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕೆಂದು ಕೆಲವು ವರ್ಷಗಳಿಂದ ನಮ್ಮ ಮನಸ್ಸು ಪೀಡಿಸುತ್ತಿದೆ.

ಮೊದಲು ಈ ಜನರ ಕೆಲಸವನ್ನು ಸರಿಯಾಗಿ ನೋಡೋಣ. ನಮ್ಮ ಊರುಗಳ ಬಸ್ ನಿಲ್ದಾಣದ ಹತ್ತಿರ, ಮಸೀದಿಯ ಕಾಂಪ್ಲೆಕ್ಸಿನ ಮಾಳಿಗೆಯಲ್ಲಿ, ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಇವರ ಕಚೇರಿಗಳಿರುತ್ತವೆ. ಗೋಡೆಯ ಮೇಲೆ ಕಾಬಾದ ದೊಡ್ಡ ಚಿತ್ರ, ಮೇಜಿನ ಮೇಲೆ ಪಾಸ್‌ಪೋರ್ಟುಗಳ ಕಟ್ಟು. ಜೀವಮಾನದಲ್ಲಿ ಒಮ್ಮೆಯೂ ಅರ್ಜಿ ತುಂಬದ ಮುದುಕರು ಅಲ್ಲಿಗೆ ಬರುತ್ತಾರೆ. ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು. ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ. ಅದನ್ನೆಲ್ಲ ಸರಿಪಡಿಸಿ, ಫೋಟೊ ತೆಗೆಸಿ, ಚುಚ್ಚುಮದ್ದು ಹಾಕಿಸಿ, ವೀಸಾ, ಟಿಕೆಟ್, ಹೋಟೆಲ್, ಬಸ್ಸು, ಊಟ ಎಲ್ಲವನ್ನೂ ಹೊಂದಿಸಿ, ಇಹ್ರಾಮ್ ಕಟ್ಟುವುದನ್ನು ಕಲಿಸಿ, ಸಮುದ್ರದಾಚೆ ಕರೆದೊಯ್ದು, ಜೀವಂತ ವಾಪಸು ತರುವುದು ಸಣ್ಣ ಕೆಲಸವಲ್ಲ. ಗುಂಪಿನಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರು ಜನಸಂದಣಿಯಲ್ಲಿ ಕಳೆದುಹೋಗುತ್ತಾರೆ, ಒಬ್ಬರು ಅಲ್ಲೇ ತೀರಿಹೋಗುತ್ತಾರೆ. ರಾತ್ರಿ ಎರಡು ಗಂಟೆಗೆ ಫೋನು ಎತ್ತಬೇಕಾದವನು ಈ ಏಜೆಂಟನೇ. ಇವರಲ್ಲಿ ಪ್ರಾಮಾಣಿಕರು ಬಹಳ ಜನ ಇದ್ದಾರೆ. ಅಂಥವರನ್ನು ನಾವು ಬಲ್ಲೆವು.

ಆದರೂ ಒಂದು ಸಂಶಯ ನಮ್ಮ ಜನರನ್ನು ಕಾಡುತ್ತಲೇ ಇರುತ್ತದೆ. ಅಲ್ಲಾಹನ ಮನೆಗೆ ಹೋಗುವವರಿಂದ ಲಾಭ ಮಾಡಿಕೊಳ್ಳುವುದು ಸರಿಯೇ? ‘ದೀನಿನ ಹೆಸರಲ್ಲಿ ವ್ಯಾಪಾರ’ ಎಂದು ಮೂಗು ಮುರಿಯುವವರಿದ್ದಾರೆ. ಈ ಆಕ್ಷೇಪ ನಮಗೆ ಒಪ್ಪಿಗೆಯಿಲ್ಲ. ಹಜ್ಜಿನ ದಿನಗಳಲ್ಲಿ ವ್ಯಾಪಾರ ಮಾಡಬಹುದೋ ಬೇಡವೋ ಎಂಬ ಅಳುಕು ಮೊದಲ ತಲೆಮಾರಿನ ಮುಸ್ಲಿಮರಿಗೂ ಇತ್ತು. ಅದರಲ್ಲಿ ದೋಷವಿಲ್ಲವೆಂದು ಕುರ್‌ಆನಿನ ಎರಡನೆಯ ಅಧ್ಯಾಯವೇ ಅವರಿಗೆ ಸಮಾಧಾನ ಹೇಳಿತು. ಒಂಟೆ ಬಾಡಿಗೆಗೆ ಕೊಟ್ಟವರು, ರೊಟ್ಟಿ ಸುಟ್ಟು ಮಾರಿದವರು ಹಜ್ಜಿನ ಚರಿತ್ರೆಯ ಉದ್ದಕ್ಕೂ ಇದ್ದಾರೆ.

ಇನ್ನೂ ದೊಡ್ಡ ದೃಷ್ಟಾಂತವೊಂದಿದೆ. ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್(ಸ) ಮತ್ತು ಹಝ್ರತ್ ಅಬೂಬಕರ್(ರ) ಮಕ್ಕಾ ತೊರೆದು ಮದೀನಾದ ಕಡೆ ಹೊರಟಾಗ ಅವರಿಗೆ ಒಬ್ಬ ದಾರಿಬಲ್ಲವನು ಬೇಕಾಗಿದ್ದ. ಅವರು ಗೊತ್ತು ಮಾಡಿದ್ದು ಅಬ್ದುಲ್ಲಾ ಬಿನ್ ಉರೈಕಿತ್ ಎಂಬವನನ್ನು. ಅವನು ಮುಸ್ಲಿಮನಾಗಿರಲಿಲ್ಲ; ಮಕ್ಕಾದವರ ಹಳೆಯ ಧರ್ಮದಲ್ಲೇ ಇದ್ದ. ಅವನಿಗೆ ಕೂಲಿ ಗೊತ್ತುಮಾಡಿ, ಎರಡು ಒಂಟೆಗಳನ್ನು ಮುಂಚಿತವಾಗಿಯೇ ಒಪ್ಪಿಸಿ, ಮೂರು ರಾತ್ರಿ ಕಳೆದ ಮೇಲೆ ಸೌರ್ ಗುಹೆಯ ಬಳಿ ಬರಲು ಹೇಳಿದರು. ಅಷ್ಟರಲ್ಲಿ ಪ್ರವಾದಿಯವರನ್ನು ಹಿಡಿದುಕೊಟ್ಟವರಿಗೆ ನೂರು ಒಂಟೆಗಳ ಇನಾಮನ್ನು ಕುರೈಶರು ಸಾರಿದ್ದರು. ಅವನ ಕೂಲಿ ಎಷ್ಟಿದ್ದರೂ ನೂರು ಒಂಟೆಗಳ ಮುಂದೆ ಅದು ಏನೂ ಅಲ್ಲ. ಅವರು ಎಲ್ಲಿ ಅಡಗಿದ್ದಾರೆಂಬುದು ಅವನಿಗೆ ಗೊತ್ತಿತ್ತು. ಆದರೂ ಅವನು ಹೇಳಿದ ಸಮಯಕ್ಕೆ ಒಂಟೆಗಳೊಂದಿಗೆ ಬಂದ. ಜನ ಓಡಾಡದ ಕರಾವಳಿಯ ದಾರಿಯಲ್ಲಿ ಅವರನ್ನು ಕ್ಷೇಮವಾಗಿ ಕರೆದೊಯ್ದ. ಇಸ್ಲಾಮಿನ ಇತಿಹಾಸದ ಅತಿ ಮುಖ್ಯ ಪ್ರಯಾಣವೊಂದು ಕೂಲಿ ಪಡೆದ ಒಬ್ಬ ಮಾರ್ಗದರ್ಶಿಯ ಮಾತಿನ ಮೇಲೆ ನಡೆಯಿತು. ಕೂಲಿ ತೆಗೆದುಕೊಂಡದ್ದರಿಂದ ಅವನ ಕೆಲಸದ ಬೆಲೆ ಕಡಿಮೆಯಾಗಲಿಲ್ಲ. ಹಾಗಾಗಿ ಏಜೆಂಟನ ಲಾಭ ಹರಾಮ್ ಎಂದು ನಾವು ಹೇಳಲಾರೆವು.

ಹಾಗಾದರೆ ತಪ್ಪು ಹುಟ್ಟುವುದು ಎಲ್ಲಿ? ಮದೀನಾದ ಮಾರುಕಟ್ಟೆಯಲ್ಲಿ ನಡೆದದ್ದೆಂದು ಹದೀಸ್ ಗ್ರಂಥಗಳಲ್ಲಿರುವ ಪ್ರಸಂಗ ಓದುಗರಿಗೆ ಗೊತ್ತೇ ಇದೆ. ಪ್ರವಾದಿಯವರು(ಸ) ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದರು. ಮೇಲೆ ಒಣಗಿದ್ದ ಧಾನ್ಯ ಒಳಗೆ ಒದ್ದೆಯಾಗಿತ್ತು. ಕೇಳಿದಾಗ ವ್ಯಾಪಾರಿ, ಮಳೆ ಬಿತ್ತು ಎಂದ. ಜನರಿಗೆ ಕಾಣುವಂತೆ ಒದ್ದೆಯದನ್ನು ಮೇಲೆ ಏಕೆ ಇಡಲಿಲ್ಲ ಎಂಬುದು ಪ್ರವಾದಿಯವರ ಪ್ರಶ್ನೆಯಾಗಿತ್ತು. ಮಳೆ ಬಿದ್ದದ್ದು ವ್ಯಾಪಾರಿಯ ತಪ್ಪಲ್ಲ. ಒದ್ದೆ ಧಾನ್ಯವನ್ನು ಮಾರಬಾರದೆಂದೂ ಅಲ್ಲಿ ಹೇಳಲಿಲ್ಲ. ಕೊಳ್ಳುವವನಿಗೆ ನೋಡುವ ಅವಕಾಶ ಸಿಗದಂತೆ ಮಾಡಿದ್ದೇ ಅಪರಾಧವಾಯಿತು.

ಯಾತ್ರೆಯ ವ್ಯಾಪಾರದಲ್ಲಿ ಒದ್ದೆ ಧಾನ್ಯ ಯಾವುದೆಂದು ಹೋಗಿ ಬಂದವರನ್ನು ಕೇಳಬೇಕು. ಮಕ್ಕಾದಲ್ಲಿ ಹರಮ್‌ಗೆ ಹತ್ತಿರವಾದಷ್ಟೂ ಕೋಣೆಯ ಬಾಡಿಗೆ ಏರುತ್ತದೆ. ಆದ್ದರಿಂದ ಕಡಿಮೆ ದರದ ಪ್ಯಾಕೇಜಿನವರು ದೂರ ಉಳಿಯಲೇಬೇಕು. ಅದರಲ್ಲಿ ಮೋಸವೇನೂ ಇಲ್ಲ. ಆದರೆ ಕರಪತ್ರದಲ್ಲಿ ‘ಹರಮ್‌ಗೆ ಹತ್ತಿರ’ ಎಂದಷ್ಟೇ ಇರುತ್ತದೆ, ಎಷ್ಟು ಮೀಟರ್ ಎಂದು ಇರುವುದಿಲ್ಲ. ಹಜ್ಜಿನ ಪ್ಯಾಕೇಜುಗಳಲ್ಲಿ ‘ಶಿಫ್ಟಿಂಗ್’ ಎಂಬ ಒಂದು ಶಬ್ದ ಇರುತ್ತದೆ. ಕೆಲವು ದಿನ ಹರಮ್‌ನ ಸಮೀಪ, ಉಳಿದ ದಿನ ಕೆಲವು ಕಿಲೋಮೀಟರ್ ದೂರದ ಅಝೀಝಿಯಾದ ಕಟ್ಟಡದಲ್ಲಿ ಎಂದು ಅದರ ಅರ್ಥ. ಅದನ್ನು ಬಿಡಿಸಿ ಹೇಳುವವರು ಕಡಿಮೆ. ಕೋಣೆಯಲ್ಲಿ ಎಷ್ಟು ಜನ, ಗುಂಪು ಹೊರಡದಿದ್ದರೆ ಹಣ ಎಷ್ಟು ವಾಪಸು, ಇದೆಲ್ಲ ಬಾಯಿಮಾತಿನಲ್ಲೇ ತೇಲಿಹೋಗುತ್ತದೆ. ಇನ್ನೂ ಒಂದು ಪದ್ಧತಿ ಇದೆ. ಇಷ್ಟು ಜನರನ್ನು ಕೂಡಿಸಿಕೊಟ್ಟವರಿಗೆ ಒಂದು ಟಿಕೆಟ್ ಉಚಿತ. ಕೂಡಿಸಿಕೊಡುವವರು ಅನೇಕ ಸಲ ಮೊಹಲ್ಲಾದಲ್ಲಿ ಗೌರವ ಇರುವ ವ್ಯಕ್ತಿಗಳು. ಅವರ ಮಾತನ್ನು ದೀನಿನ ಸಲಹೆ ಎಂದು ನಂಬಿ ಜನ ಹಣ ಕಟ್ಟುತ್ತಾರೆ. ಉಚಿತ ಟಿಕೆಟ್ ಪಡೆಯುವುದು ತಪ್ಪೋ ಅಲ್ಲವೋ ಎಂಬುದು ಬೇರೆ ಮಾತು. ಅದು ಸಿಗುತ್ತದೆಂದು ಕೇಳುವವರಿಗೆ ತಿಳಿಸದಿರುವುದು ತಪ್ಪು.

ಇಷ್ಟು ಬರೆದ ಮೇಲೆ ನಮ್ಮದೇ ಒಂದು ಲೆಕ್ಕವನ್ನು ಓದುಗರ ಮುಂದೆ ಇಡದಿದ್ದರೆ ಆ ಧಾನ್ಯದ ವ್ಯಾಪಾರಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಪರಿಚಯದ ಏಜೆಂಟರೊಬ್ಬರು ಉಮ್ರಾ ಪ್ಯಾಕೇಜಿನ ಕರಪತ್ರವನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಬಂದರು. “ನೀವು ಕಥೆ ಬರೆಯೋರು ಭಾಯಿ, ನಿಮ್ಮ ಕೈಯಲ್ಲಿ ಚೆಂದ ಬರ್ತದೆ” ಎಂದರು. ಹೊಗಳಿಕೆಗೆ ಸೋಲದ ಕಥೆಗಾರರು ಎಲ್ಲಿದ್ದಾರೆ? ಬರೆಯುತ್ತ ಹೋದಾಗ ಹೋಟೆಲಿನ ಸಾಲು ಬಂತು. ಹರಮ್‌ನಿಂದ ಎಷ್ಟು ದೂರ ಎಂದು ಕೇಳಿದೆವು. “ಹೋಗೋರು ನಡೆದೇ ಹೋಗ್ತಾರಲ್ಲ, ನಡೆದು ಹೋಗುವಷ್ಟು ಹತ್ತಿರ ಅಂತ ಬರೀರಿ” ಎಂದು ನಕ್ಕರು. ನಾವೂ ನಕ್ಕೆವು, ಬರೆದೆವು. ಅದಕ್ಕಾಗಿ ಹಣ ಪಡೆಯಲಿಲ್ಲ. ಮುಂದಿನ ರಮಝಾನಿನಲ್ಲಿ ಮದೀನಾದ ಖರ್ಜೂರದ ಒಂದು ಡಬ್ಬಿ ಮನೆಗೆ ಬಂತು.

ಆ ಕರಪತ್ರ ನಮ್ಮದೇ ಬೀದಿಯ ಒಬ್ಬ ಖಾಲಾರ ಮನೆ ಸೇರಿತು. ಬೀಡಿ ಕಟ್ಟಿ, ಚೀಟಿ ಹಾಕಿ, ಹನ್ನೊಂದು ವರ್ಷ ಹಣ ಕೂಡಿಸಿದವರು ಅವರು. ಮೊಣಕಾಲಿನ ನೋವು ಮೊದಲಿನಿಂದಲೂ ಇತ್ತು. ಮೊಮ್ಮಗಳು ಎರಡು ಮೂರು ಏಜೆಂಟರ ಕರಪತ್ರಗಳನ್ನು ಓದಿ ಹೇಳಿದಳಂತೆ. ‘ನಡೆದು ಹೋಗುವಷ್ಟು ಹತ್ತಿರ’ ಎಂಬ ಮಾತು ಕೇಳಿ ಖಾಲಾ ಇದನ್ನೇ ಆರಿಸಿದರು. ಹೊರಡುವ ಹಿಂದಿನ ದಿನ ಬೀದಿಯ ಪ್ರತಿ ಮನೆಗೂ ಹೋಗಿ ‘ಕಹಾ ಸುನಾ ಮಾಫ್’ ಎಂದು ಕ್ಷಮೆ ಕೇಳಿದರು. ನಮ್ಮ ಹೊಸ್ತಿಲಲ್ಲೂ ನಿಂತು ಕೇಳಿದರು. ನಾವು ದೊಡ್ಡ ಮನಸ್ಸಿನವರಂತೆ “ಮಾಫ್, ಮಾಫ್” ಎಂದೆವು.

ಹೋಟೆಲಿದ್ದದ್ದು ಸುಮಾರು ಎರಡು ಕಿಲೋಮೀಟರ್ ಆಚೆ, ಏರುದಾರಿಯಲ್ಲಿ. ಅಣ್ಣ ಅತ್ತಿಗೆಯ ಜೊತೆ ಹೋಗಿದ್ದ ಖಾಲಾ ದಿನಕ್ಕೆ ಒಂದು ಸಲ ಮಾತ್ರ ಇಳಿದು ಹೋಗಿ, ಝುಹರ್‌ನಿಂದ ಇಶಾವರೆಗೆ ಅಲ್ಲೇ ಕುಳಿತು, ಮರಳಿ ಏರುತ್ತಿದ್ದರು. ಊರಿಗೆ ಬಂದ ಮೇಲೆ ಝಮ್‌ಝಮ್ ಮತ್ತು ಖರ್ಜೂರ ಕೊಡಲು ಬಂದವರು ಒಂದು ದೂರೂ ಹೇಳಲಿಲ್ಲ. ಮಾತಿನ ನಡುವೆ, “ಫಜರ್ ಮಾತ್ರ ಹರಮ್‌ನಲ್ಲಿ ಒಂದು ದಿನಾನೂ ಸಿಗಲಿಲ್ಲ ಬೇಟಾ. ಕಾಲು ಏಳಲಿಲ್ಲ. ನನ್ನ ನಸೀಬಿನಲ್ಲಿ ಇರಲಿಲ್ಲ” ಎಂದರು. ಅಲ್ಲಿಯ ಒಂದು ನಮಾಝ್ ಬೇರೆಡೆಯ ಲಕ್ಷ ನಮಾಝಿಗೆ ಸಮ ಎಂದು ನಂಬಿದ ಹೆಂಗಸು ಅವರು. ನಾವು ಬರೆದ ಒಂದು ಸಾಲಿನ ತಪ್ಪನ್ನು ಅವರು ತಮ್ಮ ನಸೀಬಿನ ಮೇಲೆ ಹೊತ್ತುಕೊಂಡರು. ಆ ಕ್ಷಣದಲ್ಲಿ ಬಾಯಿ ಬಿಡುವ ಧೈರ್ಯ ನಮಗೆ ಬರಲಿಲ್ಲ.

ಅಂದಿನಿಂದ ನಮ್ಮನ್ನು ಕೊರೆಯುತ್ತಿರುವ ವಿಚಾರ ಇದು. ಬೇರೆ ಪ್ರವಾಸಕ್ಕೆ ಹೋದವನು ಹೋಟೆಲ್ ಸರಿಯಿಲ್ಲದಿದ್ದರೆ ಜಗಳ ಆಡುತ್ತಾನೆ, ಹಣ ವಾಪಸು ಕೇಳುತ್ತಾನೆ. ಹಜ್ ಉಮ್ರಾದ ಯಾತ್ರಿಕನು ಜಗಳ ಆಡುವುದಿಲ್ಲ. ಅಲ್ಲಿ ಜಗಳ ಮಾಡಬಾರದೆಂಬುದು ಧರ್ಮದ ಆಜ್ಞೆ. ಕಷ್ಟ ಪಟ್ಟಷ್ಟೂ ಸವಾಬ್ ಎಂದು ಅವನಿಗೆ ಕಲಿಸಲಾಗಿದೆ. ದೂರು ಹೇಳಿದರೆ ಎಲ್ಲಿ ಯಾತ್ರೆಯ ಪುಣ್ಯ ಕಳೆದುಹೋಗುತ್ತದೋ ಎಂದು ಹೆದರುತ್ತಾನೆ. ಬಸ್ಸು ಬರದಿದ್ದಾಗ, ಊಟ ಹಳಸಿದಾಗ, ಕೆಲವು ಏಜೆಂಟರು ಹೇಳುವ ಮಾತು ಒಂದೇ: “ಹಜ್ ಅಂದರೆ ಕಷ್ಟ ಇದ್ದದ್ದೇ, ಸಬ್ರ್ ಮಾಡಿ.” ಬಿಸಿಲು ಅಲ್ಲಾಹನದು, ಜನಸಂದಣಿ ಯಾರ ಕೈಯಲ್ಲೂ ಇಲ್ಲ, ಅರಫಾದ ಬಯಲಿನ ದಣಿವು ಯಾತ್ರೆಯ ಭಾಗ. ಇವುಗಳ ಮುಂದೆ ಸಬ್ರ್ ಮಾಡುವುದು ಇಬಾದತ್. ಆದರೆ ಏಜೆಂಟ್ ಉಳಿಸಿಕೊಂಡ ಬಾಡಿಗೆಯಿಂದ ಹುಟ್ಟಿದ ಕಷ್ಟಕ್ಕೂ ಅದೇ ಸಬ್ರ್ ಬೇಡುವುದೆಂದರೆ ಯಾತ್ರಿಕನ ಭಕ್ತಿಯನ್ನೇ ತನ್ನ ಬಂಡವಾಳ ಮಾಡಿಕೊಂಡಂತೆ. ಸಬ್ರ್ ಯಾತ್ರಿಕನ ಸ್ವಂತ ಆಸ್ತಿ. ಅದರ ಮೇಲೆ ಸಾಲ ಎತ್ತುವ ಹಕ್ಕು ಏಜೆಂಟನಿಗಿಲ್ಲ. ಎದುರಿನವನು ಪ್ರಶ್ನೆ ಕೇಳುವುದಿಲ್ಲ ಎಂದು ಗೊತ್ತಿದ್ದಾಗ, ಕೇಳದೆಯೇ ಉತ್ತರ ಹೇಳಬೇಕಾದ ಜವಾಬ್ದಾರಿ ಇಮ್ಮಡಿಯಾಗುತ್ತದೆ.

ಯಾತ್ರಿಕರ ಈ ಮೌನದ ಮೇಲೆ ನಡೆದ ಅನ್ಯಾಯ ಇಂದಿನದಲ್ಲ. 1880ರಲ್ಲಿ ‘ಜೆಡ್ಡಾ’ ಎಂಬ ಹಡಗು ಸಿಂಗಾಪುರ ಮತ್ತು ಪೆನಾಂಗ್‌ಗಳಿಂದ ಒಂಬತ್ತು ನೂರಕ್ಕೂ ಹೆಚ್ಚು ಹಜ್ ಯಾತ್ರಿಕರನ್ನು ಹೊತ್ತು ಹೊರಟಿತ್ತು. ಬಿರುಗಾಳಿಗೆ ಸಿಕ್ಕಿ ಹಡಗಿಗೆ ನೀರು ನುಗ್ಗಿದಾಗ ಕಪ್ತಾನನೂ ಅಧಿಕಾರಿಗಳೂ ಯಾತ್ರಿಕರನ್ನು ಬಿಟ್ಟು ದೋಣಿಯಲ್ಲಿ ಪಾರಾದರು. ಏಡನ್ ಬಂದರಿಗೆ ತಲಪಿ, ಹಡಗು ಎಲ್ಲರೊಂದಿಗೆ ಮುಳುಗಿತು ಎಂದು ಹೇಳಿಕೆ ಕೊಟ್ಟರು. ಅದರ ಬೆನ್ನಲ್ಲೇ ಇನ್ನೊಂದು ಹಡಗು ‘ಜೆಡ್ಡಾ’ವನ್ನು ಎಳೆದುಕೊಂಡು ಅದೇ ಬಂದರಿಗೆ ಬಂತು. ನೀರು ಎತ್ತಿ ಎತ್ತಿ ಹೊರಹಾಕುತ್ತ ಯಾತ್ರಿಕರು ಜೀವ ಉಳಿಸಿಕೊಂಡಿದ್ದರು. ಕಪ್ತಾನನಿಗೆ ಆದ ಶಿಕ್ಷೆ ಮೂರು ವರ್ಷ ಪರವಾನಗಿಯ ಅಮಾನತು. ಜೋಸೆಫ್ ಕಾನ್ರಾಡ್ 1900ರಲ್ಲಿ ಪ್ರಕಟಿಸಿದ ‘ಲಾರ್ಡ್ ಜಿಮ್’ ಕಾದಂಬರಿಗೆ ಈ ಘಟನೆಯೇ ಪ್ರೇರಣೆ. ಕಾದಂಬರಿ ಓಡಿಹೋದ ಅಧಿಕಾರಿಯ ಮನಸ್ಸಿನ ನೋವನ್ನು ಹುಡುಕುತ್ತದೆ. ಹಡಗಿನಲ್ಲಿ ಉಳಿದವರ ಹೆಸರುಗಳು ನಮಗೆ ಸಿಗುವುದಿಲ್ಲ.

ಆ ಕಾಲದಲ್ಲಿ ಮುಂಬಯಿಯ ದಲ್ಲಾಳಿಗಳ ಮೇಲೆ ದೂರುಗಳು ಹೆಚ್ಚಾದಾಗ ಬ್ರಿಟಿಷ್ ಸರಕಾರ 1886ರಲ್ಲಿ ಹಜ್ ಪ್ರಯಾಣದ ವ್ಯವಸ್ಥೆಯನ್ನು ಥಾಮಸ್ ಕುಕ್ ಕಂಪನಿಗೆ ಒಪ್ಪಿಸಿತು. ಅದರ ಸ್ಥಾಪಕನು 1841ರಲ್ಲಿ ಮೊದಲ ಬಾರಿ ರೈಲು ಗೊತ್ತುಮಾಡಿ ಜನರನ್ನು ಕರೆದೊಯ್ದದ್ದು ಪಾನನಿಷೇಧದ ಸಭೆಯೊಂದಕ್ಕೆ. ಹಜ್ ಪ್ರಯಾಣದ ಆ ಏರ್ಪಾಡು 1893ರಲ್ಲಿ ನಿಂತುಹೋಯಿತು. ಹಳೆಯ ದಲ್ಲಾಳಿಗಳನ್ನು ಬದಿಗಿಟ್ಟು ದೊಡ್ಡ ಕಂಪನಿ ತಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಆಗಲೂ ಇತ್ತು, ಈಗಲೂ ಇದೆ.

ಈಚಿನ ಎರಡು ವರ್ಷಗಳ ಸಂಗತಿ ಇನ್ನೂ ಗಂಭೀರ. 2024ರ ಜೂನ್ ತಿಂಗಳ ಹಜ್ಜಿನಲ್ಲಿ ಮಕ್ಕಾದ ತಾಪಮಾನ 50 ಡಿಗ್ರಿ ಸೆಲ್ಸಿಯಸ್ ದಾಟಿತ್ತು. 1,301 ಜನ ಸತ್ತರೆಂದು ಸೌದಿ ಸರಕಾರ ಪ್ರಕಟಿಸಿತು. ಅವರಲ್ಲಿ 83 ಶೇಕಡಾ ಹಜ್ಜಿನ ಪರವಾನಗಿ ಇಲ್ಲದೆ ಬಂದವರು. ಪರವಾನಗಿ ಇಲ್ಲದವರಿಗೆ ತಂಪಿನ ಡೇರೆ ಇಲ್ಲ, ಬಸ್ಸಿಲ್ಲ. ಬಿಸಿಲಲ್ಲಿ ಮೈಲುಗಟ್ಟಲೆ ನಡೆಯಬೇಕು. ಎಷ್ಟೋ ಜನರನ್ನು ಸಂದರ್ಶನ ವೀಸಾದ ಮೇಲೆ ಏಜೆಂಟರೇ ಕಳಿಸಿದ್ದರು. ಈಜಿಪ್ಟ್ ಸರಕಾರ 16 ಪ್ರವಾಸ ಕಂಪನಿಗಳ ಪರವಾನಗಿ ರದ್ದು ಮಾಡಿತು. ಜೋರ್ಡಾನ್ ಕೆಲವು ಏಜೆಂಟರನ್ನು ಬಂಧಿಸಿತು. ಇಲ್ಲಿ ಒದ್ದೆ ಧಾನ್ಯ ಮುಚ್ಚಿಟ್ಟದ್ದಕ್ಕೆ ಜನ ಪ್ರಾಣ ತೆತ್ತರು.

2025ರಲ್ಲಿ ನಮ್ಮ ದೇಶದಲ್ಲೇ ಬೇರೆ ರೀತಿಯ ಆಘಾತವಾಯಿತು. ಭಾರತದ ಕೋಟಾ 1,75,025. ಅದರಲ್ಲಿ 52,507 ಸೀಟುಗಳು ಖಾಸಗಿ ಏಜೆನ್ಸಿಗಳ ಪಾಲಿಗಿದ್ದವು. ಮಿನಾದ ಡೇರೆ, ವಸತಿ, ಸಾರಿಗೆಯ ಒಪ್ಪಂದಗಳು ಗಡುವಿನೊಳಗೆ ಆಗಲಿಲ್ಲವೆಂದು ಆ ಜಾಗ ಕೈತಪ್ಪಿತು. ಸರಕಾರ ಮಾತುಕತೆ ನಡೆಸಿದ ಮೇಲೆ 10,000 ಜನರಿಗೆ ಮಾತ್ರ ಬಾಗಿಲು ತೆರೆಯಿತು. ತಪ್ಪು ಏಜೆನ್ಸಿಗಳದೆಂದು ಸರಕಾರ ಹೇಳಿತು. ಏಜೆನ್ಸಿಗಳು ತಮ್ಮ ಕಾರಣಗಳನ್ನು ಕೊಟ್ಟವು. ಸೂಟ್‌ಕೇಸ್ ಕಟ್ಟಿ, ‘ಕಹಾ ಸುನಾ ಮಾಫ್’ ಹೇಳಿ ಮುಗಿಸಿದ್ದ ಸಾವಿರಾರು ಜನ ಮನೆಯಲ್ಲೇ ಉಳಿದರು.

ಇನ್ನು ನಮ್ಮ ಸಮುದಾಯವೂ ಕನ್ನಡಿ ನೋಡಿಕೊಳ್ಳಬೇಕು. ಹಜ್ ಸಬ್ಸಿಡಿ ಬೇಕೋ ಬೇಡವೋ ಎಂದು ನಾವು ದಶಕಗಳ ಕಾಲ ವಾದ ಮಾಡಿದೆವು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹಂತ ಹಂತವಾಗಿ ನಿಲ್ಲಿಸಲು ಹೇಳಿತು, 2018ರಲ್ಲಿ ಸರಕಾರ ನಿಲ್ಲಿಸಿತು. ಸರಕಾರದ ಹಣ ನಮ್ಮ ಯಾತ್ರೆಗೆ ಹಲಾಲ್ ಆಗುತ್ತದೆಯೇ ಎಂದು ಅಷ್ಟು ಸೂಕ್ಷ್ಮವಾಗಿ ತೂಗಿದವರು, ನಮ್ಮ ಮೊಹಲ್ಲಾದ ಏಜೆಂಟನ ರಸೀದಿಯಲ್ಲಿ ಏನು ಬರೆದಿದೆ ಎಂದು ನೋಡಲಿಲ್ಲ. ಕುರ್ರಾದಲ್ಲಿ ಹೆಸರು ಬರದಿದ್ದರೆ ಕಾಯುವ ತಾಳ್ಮೆಯಿಲ್ಲದೆ, ‘ಹೇಗಾದರೂ ಕಳಿಸಿ’ ಎಂದು ಏಜೆಂಟನ ಮುಂದೆ ಹಣ ಇಡುವವರೂ ನಾವೇ. ಶಕ್ತಿ ಇರುವವರಿಗೆ ಮಾತ್ರ ಹಜ್ ಕಡ್ಡಾಯ. ದಾರಿ ಸಿಗದಿರುವುದೂ ಶಕ್ತಿ ಇಲ್ಲದಿರುವುದರ ಒಂದು ರೂಪವೇ. ಕಳ್ಳದಾರಿಯನ್ನು ಬೇಡುವ ಗಿರಾಕಿ ಇರುವವರೆಗೆ ಅದನ್ನು ಮಾರುವವನೂ ಇರುತ್ತಾನೆ.

ನಮ್ಮ ಪರಿಚಯದ ಆ ಏಜೆಂಟರಿಗೆ ಈ ಮಾತನ್ನೆಲ್ಲ ಹೇಳಿದೆವು. ಅವರು ಸಿಟ್ಟಾಗಲಿಲ್ಲ. “ನಾನು ಎರಡು ಕಿಲೋಮೀಟರ್ ಅಂತ ಬರೆದರೆ, ಅದೇ ಹೋಟೆಲನ್ನು ಹತ್ತಿರ ಅಂತ ಬರೆದ ಪಕ್ಕದ ಅಂಗಡಿಗೆ ಹೋಗ್ತಾರೆ ಭಾಯಿ. ನನ್ನ ಮಕ್ಕಳು ಏನು ತಿನ್ನಬೇಕು?” ಎಂದರು. ಇದು ಸುಳ್ಳು ವಾದವಲ್ಲ. ನಿಜ ಹೇಳುವವನಿಗೆ ಮೊದಲು ನಷ್ಟವೇ ಆಗುತ್ತದೆ. ಆ ನಷ್ಟವನ್ನು ಅವನೊಬ್ಬನ ತಲೆಗೆ ಕಟ್ಟಿ, ಉಪದೇಶ ಮಾಡಿ ಮನೆಗೆ ಹೋಗುವುದು ನಮಗೆ ಶೋಭೆಯಲ್ಲ. ಮಸೀದಿ ಕಮಿಟಿಗಳು ಒಂದು ಸಣ್ಣ ಕೆಲಸ ಮಾಡಬಹುದು. ಕೆಲವು ಸಂಗತಿಗಳನ್ನು ಬರವಣಿಗೆಯಲ್ಲಿ ಕೊಟ್ಟವರ ಕರಪತ್ರಗಳಿಗೆ ಮಾತ್ರ ಮಸೀದಿಯ ಫಲಕದಲ್ಲಿ ಜಾಗ ಎಂದು ನಿಯಮ ಮಾಡಬಹುದು. ಹೋಟೆಲ್ ಎಷ್ಟು ಮೀಟರ್, ಕೋಣೆಗೆ ಎಷ್ಟು ಜನ, ವೀಸಾ ಯಾವ ಬಗೆಯದು, ಹೋಗಲಾಗದಿದ್ದರೆ ಹಣ ಎಷ್ಟು ವಾಪಸು, ಜನ ಕೂಡಿಸಿದವರಿಗೆ ಏನು ಸಿಗುತ್ತದೆ. ಓದಲು ಬಾರದವರಿಗೆ ಅದನ್ನು ಓದಿ ಹೇಳುವ ಹುಡುಗರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಆಗ ನಿಜ ಬರೆದವನೇ ಉಳಿಯುತ್ತಾನೆ. ಪಾಸ್‌ಪೋರ್ಟನ್ನೂ ಹಣವನ್ನೂ ನಂಬಿ ಕೊಟ್ಟರೆ ಅದು ಅಮಾನತ್ ಎಂಬುದನ್ನು ಯಾವ ಏಜೆಂಟನೂ ನಿರಾಕರಿಸುವುದಿಲ್ಲ. ಕೊಡಬೇಕಾದ ಮಾಹಿತಿಯೂ ಅಮಾನತ್ತೇ ಎಂದು ಅವರು ಒಪ್ಪಬೇಕು. ಕರಪತ್ರ ಬರೆಯುವ ನಮ್ಮಂಥವರು ಮೊದಲು ಒಪ್ಪಬೇಕು.

ಈ ಲೇಖನ ಬರೆಯುವ ಮುನ್ನ ಖಾಲಾರ ಮನೆಗೆ ಹೋದೆವು. ಅವರು ಬೀಡಿ ಎಲೆ ಕತ್ತರಿಸುತ್ತ ಕುಳಿತಿದ್ದರು. ಆ ಕರಪತ್ರ ಬರೆದದ್ದು ನಾವೇ ಎಂದು ಹೇಳಿ ಮಾಫಿ ಕೇಳಿದೆವು. ಖಾಲಾ ಸ್ವಲ್ಪ ಹೊತ್ತು ನಮ್ಮನ್ನೇ ನೋಡಿದರು. “ಮಾಫ್ ಮಾಡಿದೆ ಬೇಟಾ” ಎಂದರು. ಕತ್ತರಿ ಕೆಳಗಿಟ್ಟು, “ಸರಿಯಾಗಿ ಎಷ್ಟು ದೂರ ಇತ್ತು ಅದು?” ಎಂದು ಕೇಳಿದರು. ಎರಡು ಕಿಲೋಮೀಟರ್ ಎಂದೆವು. ಇಲ್ಲಿಂದ ಬಸ್ ನಿಲ್ದಾಣಕ್ಕೆ ಹೋಗಿ ಬರುವಷ್ಟು ಎಂದು ಅವರು ತಮ್ಮಷ್ಟಕ್ಕೆ ಲೆಕ್ಕ ಹಾಕಿಕೊಂಡರು.

“ಮೊದಲೇ ಗೊತ್ತಿದ್ದರೆ ಇನ್ನೊಂದು ವರ್ಷ ಚೀಟಿ ಕಟ್ಟುತ್ತಿದ್ದೆ” ಎಂದರು.